ವಂಶವಾಹಿಗೂ ಬೇಕು ಸರಿಯಾದ ವಿಳಾಸ

ಮನುಷ್ಯನ ಹನ್ನೊಂದನೇ ವರ್ಣತಂತುವಿನ ಕಡತವನ್ನು ಕಂಪ್ಯೂಟರಿನಲ್ಲಿ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಸಾವಿರಾರು ‘ಎನ್’ಗಳು. ಕಡತ ಸಿದ್ಧವಾದಾಗ ಇಲ್ಲಿ ಏನಿದೆಯೆಂದು ಗೊತ್ತಾಗಿರಲಿಲ್ಲ ಎನ್ನುವುದಕ್ಕೆ ಆ ಗುರುತು. ಅವನ್ನು ದಾಟಿ ಕೆಳಗಿಳಿದರೆ ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳು, ಸಾಲಿನ ಮೇಲೆ ಸಾಲು. ನಡುವೆ ಜಾಗವಿಲ್ಲ, ಪೂರ್ಣವಿರಾಮವಿಲ್ಲ, ತಲೆಬರಹವಿಲ್ಲ. ಒಟ್ಟು ಸುಮಾರು 13 ಕೋಟಿ 50 ಲಕ್ಷ ಅಕ್ಷರ. ಪುಟಕ್ಕೆ ಮೂರು ಸಾವಿರದಂತೆ ಅಚ್ಚು ಹಾಕಿದರೆ 45,000 ಪುಟ ಬೇಕು.

ಈ ರಾಶಿಯೊಳಗೆ 1,608 ಅಕ್ಷರಗಳ ಒಂದು ತುಣುಕಿದೆ. ಹೆಸರು ಎಚ್‌ಬಿಬಿ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನ ಒಂದು ಭಾಗವಾದ ಬೀಟಾ ಗ್ಲೋಬಿನ್ ಎಂಬ ಪ್ರೋಟೀನ್ ತಯಾರಾಗುವುದು ಈ ವಂಶವಾಹಿಯಿಂದ. ಅದರ ಒಂದು ನಿರ್ದಿಷ್ಟ ಅಕ್ಷರ ಬದಲಾಗಿ, ಆ ಬದಲಾವಣೆ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಗುವಿಗೆ ಕುಡುಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ಅನೀಮಿಯಾ ಬರುತ್ತದೆ.

ಆದರೆ ಆ ಕಡತದಲ್ಲಿ ‘ಎಚ್‌ಬಿಬಿ ಇಲ್ಲಿಂದ ಶುರು’ ಎಂದು ಎಲ್ಲೂ ಬರೆದಿಲ್ಲ. ಅದು ಬರಿಯ ಅಕ್ಷರ. ಯಾವ ತುಣುಕು ಏನು, ಎಲ್ಲಿಂದ ಎಲ್ಲಿಯವರೆಗೆ, ಯಾವ ದಿಕ್ಕಿಗೆ, ಹಾಗೆಂದು ಹೇಳಿದವರು ಯಾರು ಎಂಬುದನ್ನೆಲ್ಲ ಬೇರೆ ಕಡೆ ಬರೆದಿಟ್ಟಿರುತ್ತಾರೆ. ಡಿಎನ್‌ಎ ಓದುವ ಯಂತ್ರಗಳ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬರುತ್ತದೆ. ಓದಿದ್ದಕ್ಕೆ ಅರ್ಥ ಬರುವುದು ಮಾತ್ರ ಈ ಬರೆದಿಟ್ಟ ಮಾಹಿತಿಯಿಂದ. ಅದನ್ನು ತಂತ್ರಾಂಶ ಹೇಗೆ ಹಿಡಿದಿಡುತ್ತದೆ ಎಂಬ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ.

ಒಂದು ವಂಶವಾಹಿ, ಹತ್ತಿರದಿಂದ

ಎಚ್‌ಬಿಬಿಯನ್ನೇ ನೋಡೋಣ. ಡಿಎನ್‌ಎಗೆ ಎರಡು ಎಳೆ. ಒಂದರಲ್ಲಿ ಎ ಇದ್ದ ಕಡೆ ಎದುರಿನ ಎಳೆಯಲ್ಲಿ ಟಿ, ಸಿ ಇದ್ದ ಕಡೆ ಜಿ. ಕಡತದಲ್ಲಿ ಬರೆದಿಡುವುದು ಒಂದೇ ಎಳೆಯನ್ನು. ಎಚ್‌ಬಿಬಿ ಇರುವುದು ಎದುರಿನ ಎಳೆಯ ಮೇಲೆ. ಹಾಗಾಗಿ ಅದನ್ನು ಓದಬೇಕಾದರೆ ಕಡತದ ಅಕ್ಷರಗಳನ್ನು ಕೊನೆಯಿಂದ ಮೊದಲಿಗೆ ಹಿಡಿದು, ಒಂದೊಂದನ್ನೂ ಅದರ ಜೋಡಿ ಅಕ್ಷರಕ್ಕೆ ಬದಲಿಸಿಕೊಂಡು ಹೋಗಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. 1,608 ಅಕ್ಷರಗಳಲ್ಲಿ ಪ್ರೋಟೀನಿನ ಸೂಚನೆ ಇರುವುದು 444ರಲ್ಲಿ ಮಾತ್ರ, ಅವೂ ಒಂದೇ ಕಡೆ ಇಲ್ಲ. ಮೊದಲು 92, ಆಮೇಲೆ 130 ಅಕ್ಷರಗಳ ಬಿಡುವು, ಮತ್ತೆ 223, ಆಮೇಲೆ 850 ಅಕ್ಷರಗಳ ಬಿಡುವು, ಕೊನೆಗೆ 129. ಉಳಿಸಿಕೊಳ್ಳುವ ತುಣುಕುಗಳಿಗೆ ಎಕ್ಸಾನ್ ಎಂದೂ ಕತ್ತರಿಸಿ ಬಿಸಾಡುವ ನಡುವಿನ ಭಾಗಗಳಿಗೆ ಇಂಟ್ರಾನ್ ಎಂದೂ ಹೆಸರು. ಪ್ರೋಟೀನಿನ ಒಂದೊಂದು ಅಮೈನೊ ಆಮ್ಲಕ್ಕೂ ಮೂರು ಅಕ್ಷರಗಳ ಸೂಚನೆ ಬೇಕಷ್ಟೆ? 92 ಮೂರರಿಂದ ಭಾಗವಾಗುವುದಿಲ್ಲ. 31ನೇ ಸೂಚನೆಯ ಎರಡು ಅಕ್ಷರ ಮೊದಲ ಎಕ್ಸಾನಿನ ಕೊನೆಯಲ್ಲಿವೆ, ಮೂರನೆಯದು 130 ಅಕ್ಷರ ಆಚೆ ಎರಡನೇ ಎಕ್ಸಾನಿನ ತಲೆಯಲ್ಲಿದೆ. ಜೀವಕೋಶ ಇದನ್ನು ಪ್ರತಿದಿನ ತಪ್ಪಿಲ್ಲದೆ ಜೋಡಿಸುತ್ತದೆ. ತಂತ್ರಾಂಶಕ್ಕೂ ಅದನ್ನೇ ಕಲಿಸಬೇಕು.

ಈ ಗಡಿಗಳು ಎಷ್ಟು ನಾಜೂಕು ಎನ್ನುವುದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. ಭಾರತದಲ್ಲಿ ಬೀಟಾ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಗೆ ಕಾರಣವಾಗುವ ಬದಲಾವಣೆಗಳಲ್ಲಿ ಅತಿ ಸಾಮಾನ್ಯವಾದದ್ದು ಮೊದಲ ಇಂಟ್ರಾನಿನ ಐದನೇ ಅಕ್ಷರ ಜಿ ಹೋಗಿ ಸಿ ಆಗುವುದು. ಪ್ರೋಟೀನಿನ ಸೂಚನೆಯ ಒಂದಕ್ಷರವೂ ಅಲ್ಲಿ ಬದಲಾಗಿಲ್ಲ. ಬಿಸಾಡುವ ಭಾಗದಲ್ಲಿ, ಗಡಿಯ ಪಕ್ಕದಲ್ಲಿ ಆದ ಏರುಪೇರು ಅಷ್ಟೆ. ಎಲ್ಲಿ ಕತ್ತರಿಸಬೇಕೆಂಬುದೇ ಕೋಶಕ್ಕೆ ಗೊಂದಲವಾಗಿ ಬೀಟಾ ಗ್ಲೋಬಿನ್ ಸಾಲದಾಗುತ್ತದೆ, ಬದಲಾವಣೆ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಗು ರಕ್ತ ಹಾಕಿಸಿಕೊಂಡೇ ಬದುಕಬೇಕಾಗುತ್ತದೆ. ಗಡಿ ಎಲ್ಲಿದೆ ಎಂದು ಬರೆದಿಡದ ತಂತ್ರಾಂಶಕ್ಕೆ ಈ ಬದಲಾವಣೆ ಕಂಡರೂ ಅದರ ಮಹತ್ವ ತಿಳಿಯುವುದಿಲ್ಲ.

1977ರ ಎರಡು ಪೆಟ್ಟು

ಜೈವಿಕ ಅಕ್ಷರಮಾಲೆಗಳನ್ನು ಒಂದೆಡೆ ಕೂಡಿಹಾಕುವ ಕೆಲಸ ಹಳೆಯದು. ಅಮೆರಿಕದ ಮಾರ್ಗರೆಟ್ ಡೇಹಾಫ್ 1965ರಲ್ಲೇ ಪ್ರೋಟೀನ್‌ಗಳ ಸಂಗ್ರಹವನ್ನು ಪುಸ್ತಕವಾಗಿ ತಂದರು. ಆಗೆಲ್ಲ ಒಂದು ವಂಶವಾಹಿ ಎಂದರೆ ಒಂದು ಶುರು, ಒಂದು ಕೊನೆ, ನಡುವೆ ಅಖಂಡ ಸೂಚನೆ ಎಂಬ ಸರಳ ಕಲ್ಪನೆಯಿತ್ತು.

1977 ಆ ಸರಳತೆಗೆ ಎರಡು ಪೆಟ್ಟು ಕೊಟ್ಟಿತು. ಬ್ರಿಟನ್ನಿನ ಫ್ರೆಡ್ರಿಕ್ ಸ್ಯಾಂಗರ್ ತಂಡ ಫೈ ಎಕ್ಸ್ 174 ಎಂಬ ಪುಟ್ಟ ವೈರಸ್ಸಿನ ಡಿಎನ್‌ಎಯನ್ನು ಪೂರ್ತಿ ಓದಿತು. ಇಂದಿನ ದಾಖಲೆಯಲ್ಲಿ ಅದು 5,386 ಅಕ್ಷರ. ಅಷ್ಟು ಚಿಕ್ಕ ಜಾಗದಲ್ಲಿ ವಂಶವಾಹಿಗಳು ಒಂದರ ಮೇಲೊಂದು ಕೂತಿದ್ದವು. ಡಿ ಎಂಬುದು 390ರಿಂದ 848ರವರೆಗೆ. ಅದರ ಹೊಟ್ಟೆಯೊಳಗೇ 568ರಿಂದ 843ರವರೆಗೆ ಇ ಎಂಬ ಇನ್ನೊಂದು. ಅದೇ ಅಕ್ಷರಗಳನ್ನು ಒಂದು ಸ್ಥಾನ ಸರಿಸಿ ಮೂರು ಮೂರಾಗಿ ಓದಿದರೆ ಬೇರೆಯದೇ ಪ್ರೋಟೀನ್. ಈ ಡಿಎನ್‌ಎ ವೃತ್ತಾಕಾರದ್ದು, ಎ ಎಂಬ ವಂಶವಾಹಿ 3,981ರಲ್ಲಿ ಶುರುವಾಗಿ 5,386ಕ್ಕೆ ಬಂದು, ಮತ್ತೆ 1ರಿಂದ 136ರವರೆಗೆ ಹೋಗುತ್ತದೆ. ಶುರುವಿನ ಸಂಖ್ಯೆ ಕೊನೆಯ ಸಂಖ್ಯೆಗಿಂತ ದೊಡ್ಡದು! ‘ಶುರು ಯಾವಾಗಲೂ ಚಿಕ್ಕ ಸಂಖ್ಯೆ’ ಎಂದು ನಂಬಿ ಬರೆದ ಪ್ರೋಗ್ರಾಂ ಇಲ್ಲಿ ಮುಗ್ಗರಿಸಲೇಬೇಕು.

ಅದೇ ವರ್ಷ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ತಂಡಗಳು ವಂಶವಾಹಿಗಳು ತುಂಡುತುಂಡಾಗಿರುತ್ತವೆ ಎಂದು ತೋರಿಸಿದವು. ಅದಕ್ಕೆ 1993ರಲ್ಲಿ ನೊಬೆಲ್ ಬಂತು. ಅಲ್ಲಿಂದಾಚೆಗೆ ‘ಇಲ್ಲಿಂದ ಇಲ್ಲಿಗೆ’ ಎಂಬ ಒಂದು ಜೊತೆ ಸಂಖ್ಯೆಯಲ್ಲಿ ವಂಶವಾಹಿಯನ್ನು ಹಿಡಿಯುವ ದಾರಿ ಮುಚ್ಚಿತು.

1980ರ ದಶಕದಲ್ಲಿ ಅಮೆರಿಕದ ಜೆನ್‌ಬ್ಯಾಂಕ್, ಯುರೋಪಿನ ಇಎಂಬಿಎಲ್, ಜಪಾನಿನ ಡಿಡಿಬಿಜೆ ದತ್ತಾಂಶ ಸಂಗ್ರಹಗಳು ಸೇರಿ ಒಂದು ಸಮಾನ ಪಟ್ಟಿ ರೂಪಿಸಿದವು. ಪ್ರತಿ ಅಕ್ಷರಮಾಲೆಯ ಜೊತೆ, ಅದರಲ್ಲಿ ಎಲ್ಲೆಲ್ಲಿ ಏನೇನಿದೆ ಎಂದು ಹೇಳುವ ಪಟ್ಟಿ ಅದು. ತುಂಡುಗಳನ್ನು ಜೋಡಿಸಬೇಕಾದರೆ ಹೀಗೆ, ಎದುರಿನ ಎಳೆಯಾದರೆ ಹೀಗೆ, ಕೊನೆ ಖಚಿತವಿಲ್ಲದಿದ್ದರೆ ಹೀಗೆ ಬರೆಯಬೇಕು ಎಂದು ಅದರಲ್ಲಿ ನಿಯಮ ಮಾಡಿದರು. ಆ ನಿಯಮಗಳು ಇಂದಿಗೂ ಬಳಕೆಯಲ್ಲಿವೆ.

ಕೇಂಬ್ರಿಜ್‌ನಲ್ಲಿ ಕೂತವರ ತಲೆನೋವು

ಪಟ್ಟಿ ಒಂದಾದರೂ ಅದನ್ನು ಓದುವ ಪ್ರೋಗ್ರಾಂಗಳು ಒಂದಾಗಲಿಲ್ಲ. 1996ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ನಡೆದ ಸಭೆಯೊಂದರ ಬಗ್ಗೆ ವಿಜ್ಞಾನಿ ಲಿಂಕನ್ ಸ್ಟೈನ್ ಬರೆದಿದ್ದಾರೆ. ಯುರೋಪಿನ ಅತಿ ದೊಡ್ಡ ಡಿಎನ್‌ಎ ಓದುವ ಕೇಂದ್ರದವರೂ ಅಮೆರಿಕದ ಅತಿ ದೊಡ್ಡ ಕೇಂದ್ರದವರೂ ಎದುರುಬದುರು ಕೂತಿದ್ದರು. ಇಬ್ಬರ ಪ್ರಯೋಗ ವಿಧಾನ ಹೆಚ್ಚುಕಡಿಮೆ ಒಂದೇ, ಸಲಕರಣೆ ಒಂದೇ. ಆದರೆ ಒಬ್ಬರ ಫಲಿತಾಂಶ ಇನ್ನೊಬ್ಬರ ಕಂಪ್ಯೂಟರಿಗೆ ಅರ್ಥವಾಗುತ್ತಿರಲಿಲ್ಲ.

ಮನುಷ್ಯನ ಇಡೀ ಡಿಎನ್‌ಎ ಓದುವ ಜಾಗತಿಕ ಯೋಜನೆ ಆಗ ಅರ್ಧ ದಾರಿಯಲ್ಲಿತ್ತು. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕೈಹಿಡಿಯಿತು. ಆ ಕಾಲದಲ್ಲೇ ಇಂಥ ಕೆಲಸಕ್ಕೆಂದೇ ಆ ಭಾಷೆಯಲ್ಲಿ ಬರೆದ ಬಯೋಪರ್ಲ್ ತಂತ್ರಾಂಶ ಹುಟ್ಟಿತು. ಪೈಥಾನ್ ಭಾಷೆಯವರು 1999ರಲ್ಲಿ ಬಯೋಪೈಥಾನ್ ಶುರುಮಾಡಿದರು. ಎರಡನ್ನೂ ಕಟ್ಟಿದವರು ಬಹುಪಾಲು ಸ್ವಯಂಸೇವಕರು, ಬಳಸುವುದಕ್ಕೆ ದುಡ್ಡಿಲ್ಲ. ಇಂದು ಜಗತ್ತಿನ ಸಣ್ಣ ಪ್ರಯೋಗಾಲಯವೂ ಇವುಗಳ ಮೇಲೆ ನಿಂತು ಕೆಲಸ ಮಾಡುತ್ತದೆ. ವಿಜ್ಞಾನಕ್ಕೆ ಇವರು ಕೊಟ್ಟದ್ದು ಯಾವ ದೊಡ್ಡ ಯಂತ್ರಕ್ಕಿಂತಲೂ ಕಡಿಮೆಯಲ್ಲ ಎಂದು ನಾನು ನಂಬುತ್ತೇನೆ.

ಪಹಣಿಯಂತೆ ಒಂದು ಆಬ್ಜೆಕ್ಟ್

ಈ ತಂಡಗಳೆಲ್ಲ ಒಂದೇ ಉಪಾಯಕ್ಕೆ ಬಂದವು. ಡಿಎನ್‌ಎ ಮೇಲಿನ ಪ್ರತಿಯೊಂದು ತಾಣವನ್ನೂ ತಂತ್ರಾಂಶದಲ್ಲಿ ಒಂದು ‘ಆಬ್ಜೆಕ್ಟ್’ ಆಗಿ ಮಾಡಿದವು.

ಆಬ್ಜೆಕ್ಟ್ ಅಂದರೇನು? ಪಹಣಿಯನ್ನು ನೆನಪಿಸಿಕೊಳ್ಳಿ. ಪಹಣಿ ಅಂದರೆ ಜಮೀನಲ್ಲ, ಮಣ್ಣು ಅದರಲ್ಲಿಲ್ಲ. ಆದರೆ ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಯಾರದು, ಯಾವ ಹಕ್ಕಿನಿಂದ ಬಂತು, ಏನು ಬೆಳೆ ಎಂಬುದೆಲ್ಲ ಒಂದೇ ಹಾಳೆಯಲ್ಲಿ ಒಟ್ಟಿಗಿರುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೊತ್ತೊಯ್ದರೆ ಬೆಲೆಯಿಲ್ಲ. ಡಿಎನ್‌ಎ ತಾಣದ ಆಬ್ಜೆಕ್ಟಿನಲ್ಲೂ ಹಾಗೆಯೇ: ಇದು ಯಾವ ಬಗೆ (ವಂಶವಾಹಿಯೇ, ಎಕ್ಸಾನೇ, ಇನ್ನೇನಾದರೂ ಆಗಿದೆಯೇ), ಸ್ಥಳ ಯಾವುದು, ಯಾವ ಎಳೆ, ಹೆಸರೇನು, ಯಾವ ಪುರಾವೆಯ ಮೇಲೆ ಹೀಗೆಂದು ಹೇಳಿದ್ದಾರೆ.

ಕಾಗದಕ್ಕೆ ಇಲ್ಲದ ಒಂದು ಶಕ್ತಿ ಆಬ್ಜೆಕ್ಟಿಗಿದೆ. ಅದಕ್ಕೆ ಕೆಲಸ ಹೇಳಬಹುದು. ಬಯೋಪೈಥಾನ್‌ನಲ್ಲಿ ಎಚ್‌ಬಿಬಿಯ ಸೂಚನಾ ತಾಣವನ್ನು ಕರೆದು, ವರ್ಣತಂತುವಿನ ಅಕ್ಷರಮಾಲೆ ಕೈಗಿತ್ತು ‘ನಿನ್ನ ಭಾಗ ತೆಗೆದುಕೊಡು’ ಎಂದರೆ ಸಾಕು. ಮೂರೂ ತುಂಡುಗಳನ್ನು ಎತ್ತಿ, ತಿರುಗಿಸಿ, ಜೋಡಿ ಅಕ್ಷರಕ್ಕೆ ಬದಲಿಸಿ, ಸರಿಯಾದ ಕ್ರಮದಲ್ಲಿ ಸೇರಿಸಿ 444 ಅಕ್ಷರ ಕೊಡುತ್ತದೆ. ಎಳೆ ಯಾವುದು, ತುಂಡು ಎಷ್ಟು ಎಂದು ಕೇಳಿದವರು ತಲೆಕೆಡಿಸಿಕೊಳ್ಳಬೇಕಿಲ್ಲ.

ಇಲ್ಲಿ ನನಗೆ ಅತಿ ಜಾಣತನದ್ದು ಎನಿಸುವುದು, ‘ಸ್ಥಳ’ ಎನ್ನುವುದನ್ನೇ ಇನ್ನೊಂದು ಆಬ್ಜೆಕ್ಟ್ ಮಾಡಿರುವುದು. ಸರಳ ಸ್ಥಳ ಒಂದು ಬಗೆ, ತುಂಡುಗಳನ್ನು ಕೂಡಿಸಿದ ಸ್ಥಳ ಇನ್ನೊಂದು ಬಗೆ. ಸ್ಥಳದ ತುದಿಯೂ ಖಚಿತವಾಗಿರಬೇಕೆಂದಿಲ್ಲ. ‘ಇದು 1ಕ್ಕಿಂತ ಮೊದಲೇ ಎಲ್ಲೋ ಶುರುವಾಗಿದೆ, ನಮಗೆ ಸಿಕ್ಕಿದ್ದು ಇಷ್ಟು’ ಎಂದು ಹೇಳುವ ತುದಿಗೂ ಅಲ್ಲಿ ಜಾಗವಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ದಾಖಲಿಸುವ ಈ ಪ್ರಾಮಾಣಿಕತೆ ವಿಜ್ಞಾನದ ತಂತ್ರಾಂಶದಲ್ಲಿ ಇರಲೇಬೇಕಾದ ಗುಣ.

ಬಯೋಪೈಥಾನ್ ಮೊದಮೊದಲು ತುಂಡುಗಳನ್ನು ಒಂದೊಂದು ಮರಿ ತಾಣವಾಗಿ ಇಡುತ್ತಿತ್ತು. ಆಮೇಲೆ ಅದನ್ನು ಬಿಟ್ಟು, ಕೂಡಿಸಿದ ಸ್ಥಳಕ್ಕೆ ಬಂತು. ಬದಲಾವಣೆ ಸರಿಯೇ. ಎಚ್‌ಬಿಬಿಯ ಸೂಚನೆ ಮೂರು ವಸ್ತುಗಳಲ್ಲ, ಮೂರು ಕಡೆ ಹರಡಿದ ಒಂದೇ ವಸ್ತು. ಆದರೆ ಎಕ್ಸಾನಿಗೆ ತನ್ನದೇ ಗುರುತು ಬೇಕಾದ ಸಂದರ್ಭವೂ ಇದೆ. ಒಂದೇ ವಂಶವಾಹಿಯನ್ನು ಕೋಶ ಬೇರೆ ಬೇರೆ ರೀತಿ ಕತ್ತರಿಸಿ ಜೋಡಿಸಿದಾಗ ಒಂದೇ ಎಕ್ಸಾನ್ ಹಲವು ಪ್ರತಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಜಿಎಫ್‌ಎಫ್3 ಎಂಬ ಜನಪ್ರಿಯ ಕಡತ ವಿಧಾನದಲ್ಲಿ ಒಂದು ಎಕ್ಸಾನಿಗೆ ಒಂದಕ್ಕಿಂತ ಹೆಚ್ಚು ತಾಯಿಯರಿರಬಹುದು. ಯಾವುದು ಯಾವುದರ ಬಗೆ, ಯಾವುದು ಯಾವುದರ ಭಾಗ ಎಂಬ ಪದಕೋಶವನ್ನು ‘ಸೀಕ್ವೆನ್ಸ್ ಆಂಟಾಲಜಿ’ ಎಂಬ ಯೋಜನೆ ಒದಗಿಸಿತು.

ಒಂದೇ ಅಕ್ಷರ, ಹಲವು ವಿಳಾಸ

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಎಂದು ಕೇಳುವವರಿಗೆ ಕುಡುಗೋಲು ಕಣ ರೋಗದ ಆ ಒಂದು ಅಕ್ಷರವೇ ಉತ್ತರ.

ಹಳೆಯ ವೈದ್ಯ ಪುಸ್ತಕಗಳು ‘ಬೀಟಾ ಗ್ಲೋಬಿನ್‌ನ 6ನೇ ಅಮೈನೊ ಆಮ್ಲ ಬದಲಾಗಿದೆ’ ಎನ್ನುತ್ತವೆ. ಇಂದಿನ ನಿಯಮದ ವರದಿ 7ನೆಯದು ಎನ್ನುತ್ತದೆ. ಎರಡೂ ಸರಿ. ಪ್ರೋಟೀನ್ ತಯಾರಾದ ಮೇಲೆ ಮೊದಲ ಅಮೈನೊ ಆಮ್ಲ ಕಳಚಿಹೋಗುತ್ತದೆ. ಹಳಬರು ಉಳಿದದ್ದನ್ನು ಎಣಿಸಿದರು, ಹೊಸ ನಿಯಮ ಸೂಚನೆಯಲ್ಲಿ ಇದ್ದದ್ದನ್ನೆಲ್ಲ ಎಣಿಸುತ್ತದೆ.

ಸೂಚನೆಯ ಲೆಕ್ಕದಲ್ಲಿ ಅದು 20ನೇ ಅಕ್ಷರ, ಎ ಹೋಗಿ ಟಿ ಆಗಿದೆ. ವರ್ಣತಂತುವಿನ ಲೆಕ್ಕದಲ್ಲಿ ಅದೇ ಜಾಗ 52,27,002. ಅಲ್ಲಿ ಟಿ ಹೋಗಿ ಎ ಆಗಿದೆ ಎಂದು ಬರೆದಿರುತ್ತದೆ! ತಪ್ಪೇನಿಲ್ಲ, ಎದುರಿನ ಎಳೆಯನ್ನು ನೋಡುತ್ತಿದ್ದೇವೆ ಅಷ್ಟೆ. ಈ 52,27,002 ಕೂಡ ಮನುಷ್ಯನ ಡಿಎನ್‌ಎ ಕಡತದ 2013ರ ಜಿಆರ್‌ಸಿಎಚ್38 ಎಂಬ ಆವೃತ್ತಿಯ ಸಂಖ್ಯೆ. 2009ರ ಜಿಆರ್‌ಸಿಎಚ್37ರಲ್ಲಿ ಅದೇ ಅಕ್ಷರ 52,48,232ರಲ್ಲಿತ್ತು. ವರ್ಣತಂತುವನ್ನು ಮತ್ತಷ್ಟು ಸರಿಯಾಗಿ ಜೋಡಿಸಿದಾಗ 21,230 ಸ್ಥಾನ ಹಿಂದಕ್ಕೆ ಬಂತು. ಹಳೆಯ ಸಂಖ್ಯೆ ಹಿಡಿದು ಹೊಸ ಆವೃತ್ತಿಯಲ್ಲಿ ಹುಡುಕಿದರೆ ಎಚ್‌ಬಿಬಿಯ ಹೊರಗೆಲ್ಲೋ ಬಂದು ನಿಲ್ಲುತ್ತೇವೆ.

ಇನ್ನೊಂದು ತೊಡಕು ಎಣಿಕೆಯದು. ಜೆನ್‌ಬ್ಯಾಂಕ್ ಮೊದಲ ಅಕ್ಷರವನ್ನು 1 ಎನ್ನುತ್ತದೆ, ಕೊನೆಯದನ್ನೂ ಸೇರಿಸಿಕೊಳ್ಳುತ್ತದೆ. ಪೈಥಾನ್ ಮತ್ತು ಕ್ಯಾಲಿಫೋರ್ನಿಯಾದ ಸಾಂತಾಕ್ರೂಜ್ ವಿಶ್ವವಿದ್ಯಾಲಯದವರ ಬೆಡ್ ಎಂಬ ಕಡತಗಳು 0ಯಿಂದ ಎಣಿಸುತ್ತವೆ, ಕೊನೆಯ ಸಂಖ್ಯೆಯನ್ನು ಹೊರಗಿಡುತ್ತವೆ. ಫೈ ಎಕ್ಸ್ ವೈರಸ್ಸಿನ ಡಿ ವಂಶವಾಹಿ ಜೆನ್‌ಬ್ಯಾಂಕಿನಲ್ಲಿ 390ರಿಂದ 848; ಬಯೋಪೈಥಾನ್ ಓದಿಕೊಂಡ ಕೂಡಲೇ 389ರಿಂದ 848. ಕಳೆದರೆ ನೇರವಾಗಿ ಉದ್ದ ಸಿಗುತ್ತದೆ, 459. ಲೆಕ್ಕಕ್ಕೆ ಇದು ಅನುಕೂಲ. ಆದರೆ ಎರಡೂ ಬಗೆಯ ಸಂಖ್ಯೆಗಳನ್ನು ಕೈಯಲ್ಲಿ ಬೆರೆಸಿದವರ ತಾಣ ಒಂದಕ್ಷರ ಸರಿಯುತ್ತದೆ. ಮೂರು ಮೂರು ಅಕ್ಷರ ಓದುವ ಭಾಷೆಯಲ್ಲಿ ಒಂದಕ್ಷರ ಸರಿದರೆ ಪ್ರೋಟೀನೇ ಬೇರೆಯಾಗುತ್ತದೆ. ಆಬ್ಜೆಕ್ಟ್ ಈ ಪರಿವರ್ತನೆಯನ್ನು ತಾನೇ ಒಂದು ಕಡೆ ಮಾಡಿ ಮುಗಿಸುವುದರಿಂದ ತಪ್ಪಾಗುವ ಜಾಗಗಳು ಕಡಿಮೆಯಾಗುತ್ತವೆ.

ಲಕ್ಷಗಟ್ಟಲೆಯಾದಾಗ

ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ವಂಶವಾಹಿಗಳು ಸುಮಾರು 20,000. ಎಕ್ಸಾನು, ನಿಯಂತ್ರಕ ತಾಣ, ಜನರ ನಡುವಿನ ವ್ಯತ್ಯಾಸ ಎಲ್ಲ ಸೇರಿದರೆ ತಾಣಗಳು ಕೋಟಿ ದಾಟುತ್ತವೆ. ಒಂದೊಂದಕ್ಕೂ ಪೂರ್ಣ ಆಬ್ಜೆಕ್ಟ್ ಮಾಡಿದರೆ ಕಂಪ್ಯೂಟರಿನ ಮೆಮೊರಿ ಸಾಲದು. ಅದಕ್ಕೇ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಯೋಕಂಡಕ್ಟರ್ ತಂತ್ರಾಂಶ ಶುರುಗಳನ್ನೆಲ್ಲ ಒಂದು ಪಟ್ಟಿಯಲ್ಲಿ, ಉದ್ದಗಳನ್ನೆಲ್ಲ ಇನ್ನೊಂದರಲ್ಲಿ ಇಟ್ಟು ಒಟ್ಟಿಗೆ ಲೆಕ್ಕ ಮಾಡುತ್ತದೆ. ಸಾಂತಾಕ್ರೂಜ್‌ನವರು ವರ್ಣತಂತುವನ್ನು ಸುಮಾರು 1.3 ಲಕ್ಷ ಅಕ್ಷರಗಳ ಭಾಗ, ಅದರ ಎಂಟು ಪಟ್ಟಿನ ಭಾಗ, ಮತ್ತೆ ಎಂಟು ಪಟ್ಟು ಎಂದು ಹಂತಹಂತವಾಗಿ ವಿಂಗಡಿಸಿ, ಪ್ರತಿ ತಾಣವನ್ನು ಅದು ಪೂರ್ತಿ ಹಿಡಿಸುವ ಅತಿ ಚಿಕ್ಕ ಭಾಗಕ್ಕೆ ಸೇರಿಸಿದರು. ‘ಈ ಜಾಗದಲ್ಲಿ ಏನೇನಿದೆ’ ಎಂದು ಕೇಳಿದಾಗ ಕೆಲವೇ ಭಾಗಗಳನ್ನು ಹುಡುಕಿದರಾಯಿತು.

ಹೆಸರು ತಾರೀಖಾದ ಕತೆ

ಬಗೆ ಯಾವುದೆಂದು ತಿಳಿಯದ ತಂತ್ರಾಂಶ ಏನು ಮಾಡಬಲ್ಲದು ಎಂಬುದಕ್ಕೆ ಎಕ್ಸೆಲ್ ಸಾಕ್ಷಿ. ಸೆಪ್ಟ್2, ಮಾರ್ಚ್1 ಎಂಬ ಹೆಸರಿನ ವಂಶವಾಹಿಗಳಿದ್ದವು. ಎಕ್ಸೆಲ್ ಹಾಳೆಯಲ್ಲಿ ಇವನ್ನು ಟೈಪು ಮಾಡಿದರೆ ಸೆಪ್ಟೆಂಬರ್ 2, ಮಾರ್ಚ್ 1 ಎಂಬ ತಾರೀಖುಗಳಾಗಿ ಕೂರುತ್ತಿದ್ದವು. ಎಕ್ಸೆಲ್‌ನಲ್ಲಿ ವಂಶವಾಹಿಗಳ ಪಟ್ಟಿ ಲಗತ್ತಿಸಿದ್ದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪಿದೆ ಎಂದು 2016ರ ಅಧ್ಯಯನವೊಂದು ಕಂಡುಕೊಂಡಿತು. ಕೊನೆಗೆ ಸೋತದ್ದು ವಿಜ್ಞಾನಿಗಳೇ: ಹೆಸರಿಡುವ ಸಮಿತಿ ಅವನ್ನು ಸೆಪ್ಟಿನ್2, ಮಾರ್ಚ್‌ಎಫ್1 ಎಂದು ಬದಲಿಸಿ 2020ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿತು.

ವಂಶವಾಹಿಯಲ್ಲದ ತಾಣವೂ ಮುಖ್ಯ

ಡಿಎನ್‌ಎ ತಾಣವೆಂದರೆ ವಂಶವಾಹಿ ಮಾತ್ರ ಎಂದುಕೊಂಡಿದ್ದರೆ ಕುಡುಗೋಲು ಕಣ ರೋಗಕ್ಕೆ ಬಂದ ಹೊಸ ಚಿಕಿತ್ಸೆ ಹುಟ್ಟುತ್ತಿರಲಿಲ್ಲ. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಕ್ಯಾಸ್ಜೆವಿ ಎಂಬ ಜೀನ್ ತಿದ್ದುವ ಚಿಕಿತ್ಸೆ ಎಚ್‌ಬಿಬಿಯನ್ನು ಮುಟ್ಟುವುದೇ ಇಲ್ಲ. ಅದು ಕತ್ತರಿಸುವುದು ಎರಡನೇ ವರ್ಣತಂತುವಿನ ಬಿಸಿಎಲ್11ಎ ಎಂಬ ವಂಶವಾಹಿಯ ಇಂಟ್ರಾನಿನೊಳಗಿರುವ ಒಂದು ಚಿಕ್ಕ ನಿಯಂತ್ರಕ ತಾಣವನ್ನು. ರಕ್ತಕಣಗಳಲ್ಲಿ ಆ ವಂಶವಾಹಿಯನ್ನು ಚುರುಕುಗೊಳಿಸುವ ತಾಣ ಅದು. ಅದು ಕೆಟ್ಟರೆ, ಹುಟ್ಟುವ ಮುಂಚೆ ಮಗುವಿನಲ್ಲಿದ್ದ ಹಿಮೋಗ್ಲೋಬಿನ್ ಮತ್ತೆ ತಯಾರಾಗತೊಡಗಿ ರೋಗಿಯ ಕೈಹಿಡಿಯುತ್ತದೆ. ಒಂದು ಕಾಲಕ್ಕೆ ‘ಬಿಸಾಡುವ ಭಾಗ’ ಎನಿಸಿದ್ದರೊಳಗೆ ಇನ್ನೊಂದು ತಾಣ, ಅದಕ್ಕೆ ತನ್ನದೇ ಬಗೆ, ತನ್ನದೇ ಪುರಾವೆ. ಬಗೆಗಳ ಪಟ್ಟಿಯನ್ನು ತೆರೆದಿಟ್ಟಿದ್ದರಿಂದಲೇ ಇಂಥವಕ್ಕೂ ದಾಖಲೆಯಲ್ಲಿ ಜಾಗ ಸಿಕ್ಕಿದೆ.

ನಮ್ಮ ಮನೆಬಾಗಿಲಲ್ಲಿ

ಇದು ದೂರದ ಮಾತಲ್ಲ. ಭಾರತದಲ್ಲಿ ಕುಡುಗೋಲು ಕಣ ಮೊದಲು ಪತ್ತೆಯಾದದ್ದು 1952ರಲ್ಲಿ, ನೀಲಗಿರಿಯ ಆದಿವಾಸಿಗಳಲ್ಲಿ. ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಹಾಡಿಗಳಲ್ಲೂ ಅದಿದೆ. 2047ರೊಳಗೆ ಈ ರೋಗವನ್ನು ನಿರ್ಮೂಲನ ಮಾಡುವ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಶುರುವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಡಿಎನ್‌ಎ ಓದಿದೆ. ಅದರ ದತ್ತಾಂಶ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿದೆ, 2025ರ ಜನವರಿಯಿಂದ ಸಂಶೋಧಕರಿಗೆ ತೆರೆದಿದೆ.

ಅಕ್ಷರ ಓದುವುದು ಮುಗಿದ ಕೆಲಸ. ಯಾವ ತಾಣ ಏನು ಎಂದು ಗುರುತಿಸುವುದು ಇನ್ನೂ ಬಹಳ ವರ್ಷದ ಕೆಲಸ. ಅದಕ್ಕೆ ಜೀವಶಾಸ್ತ್ರವೂ ಪ್ರೋಗ್ರಾಮಿಂಗೂ ಎರಡೂ ಬಲ್ಲವರು ಬೇಕು. ನಮ್ಮ ಪದವಿ ಕಾಲೇಜುಗಳಲ್ಲಿ ಈ ಎರಡು ವಿಭಾಗಗಳು ಒಂದೇ ಕಾರಿಡಾರಿನಲ್ಲಿದ್ದೂ ಮಾತಾಡುವುದಿಲ್ಲ. ಬಯೋಪೈಥಾನ್ ಉಚಿತ, ಫೈ ಎಕ್ಸ್ 174ರ ದಾಖಲೆ ಉಚಿತ. 5,386 ಅಕ್ಷರಗಳ ಆ ವೈರಸ್ಸನ್ನು ಹಿಡಿದು, ಅದರ ವಂಶವಾಹಿಗಳನ್ನು ಒಂದೊಂದಾಗಿ ತೆಗೆಯುವ ಅಭ್ಯಾಸವನ್ನು ಬಿ.ಎಸ್ಸಿ. ಮೊದಲ ವರ್ಷದಲ್ಲೇ ಮಾಡಿಸಬಹುದು. ಮೇಷ್ಟ್ರುಗಳು ದಯವಿಟ್ಟು ಮಾಡಿಸಬೇಕು.

ಮತ್ತೊಂದು ವಿನಂತಿ ಎಲ್ಲರಿಗೂ. ಮನೆಯಲ್ಲಿ ಯಾರಿಗಾದರೂ ವಂಶವಾಹಿ ಪರೀಕ್ಷೆ ಮಾಡಿಸಿದರೆ ವೈದ್ಯರು ಬಾಯಲ್ಲಿ ಹೇಳಿದ ಹೆಸರನ್ನಷ್ಟೇ ಬರೆದುಕೊಳ್ಳಬೇಡಿ. ಯಾವ ಆವೃತ್ತಿಯ ಆಧಾರದ ಮೇಲೆ, ಯಾವ ಸ್ಥಾನದಲ್ಲಿ, ಯಾವ ಬದಲಾವಣೆ ಎಂಬ ಪೂರ್ತಿ ಸಾಲು ಮುದ್ರಿತ ವರದಿಯಲ್ಲಿ ಇರುವಂತೆ ಕೇಳಿ ಪಡೆಯಿರಿ. ಹತ್ತು ವರ್ಷದ ನಂತರ ಬೇರೆ ಊರಿನ ವೈದ್ಯರಿಗೆ ಉಪಯೋಗಕ್ಕೆ ಬರುವುದು ಆ ಸಾಲೇ.